ಮಿಲ್ಲು ನಿಲ್ಲಿಸಿ ಹಿಡಿದ ದನಿ

ಶಾಲೆಗೆ ಕಂಪ್ಯೂಟರ್ ಕೊಡಿಸಬೇಕು, ಎಂಥದ್ದು ತರೋಣ ಎಂದು ಯಾರಾದರೂ ನನ್ನ ಅಂಗಡಿಗೆ ಬಂದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಪಕ್ಕದಲ್ಲಿ ಹಿಟ್ಟಿನ ಮಿಲ್ಲು ಇದೆಯಾ? ಬಂದವರು ನಗುತ್ತಾರೆ. ನಗಲಿ. ಹಳ್ಳಿಯಲ್ಲಿ ಕರೆಂಟು ಬಂತು ಅಂದರೆ ಮಿಲ್ಲಿನ ಬೆಲ್ಟು ತಿರುಗಿತು ಅಂತಲೇ ಅರ್ಥ. ವೋಲ್ಟೇಜು ಕುಸಿಯುತ್ತದೆ, ಕಿವಿ ಪಕ್ಕ ಕೂಗಿದರೂ ಕೇಳಿಸುವುದಿಲ್ಲ. ಕರೆಂಟು ಹೋದ ಮೇಲೆ ಊರು ತಣ್ಣಗಾಗುತ್ತದೆ ನಿಜ, ಆದರೆ ಆಗ ಕಂಪ್ಯೂಟರೂ ತಣ್ಣಗಾಗಿರುತ್ತದೆ. ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಮಿಲ್ಲಿನವನನ್ನು ಒಲಿಸಿಕೊಳ್ಳಿ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ನನ್ನ ಓದು ಏಳನೇ ಕ್ಲಾಸಿಗೆ ಮುಗಿಯಿತು. ಎಂಬತ್ತರ ದಶಕದಲ್ಲಿ ಕೊಳ್ಳೇಗಾಲದ ಒಂದು ರೇಡಿಯೋ ರಿಪೇರಿ ಅಂಗಡಿಯ ಜಗಲಿಯಲ್ಲಿ ಕೂತು ಬೆಸುಗೆ ಹಾಕುವುದನ್ನು ಕಲಿತೆ. ಆಮೇಲೆ ಕಲರ್ ಟಿ.ವಿ., ಸಿನಿಮಾ ಕ್ಯಾಸೆಟ್ ಹಾಕುವ ವಿ.ಸಿ.ಪಿ. ಎರಡನ್ನೂ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಮದುವೆ ಮನೆಗಳಿಗೆ ಬಾಡಿಗೆಗೆ ಕೊಟ್ಟೆ. ಯಳಂದೂರಿನ ಕಡೆ, ಕುಂತೂರಿನ ಕಡೆ, ನಾನು ಟಿ.ವಿ. ಹೊತ್ತುಕೊಂಡು ಹೋಗದ ಊರು ಕಡಿಮೆ. ಕೊನೆಗೆ ಹನೂರಿನಲ್ಲಿ ಸ್ವಂತ ಅಂಗಡಿ ಮಾಡಿದೆ. ಮನೆ ಮಾತ್ರ ಊರಲ್ಲೇ ಇಟ್ಟುಕೊಂಡೆ, ಬಂಡಳ್ಳಿ ರಸ್ತೆಯಿಂದ ಒಳಕ್ಕೆ ತಿರುಗುವ ಊರು.

ಎರಡು ಸಾವಿರದ ಇಸವಿ ಕಳೆದ ಮೇಲೆ ಸರ್ಕಾರಿ ಶಾಲೆಗಳಿಗೆಲ್ಲ ಊರವರದೇ ಒಂದು ಸಮಿತಿ ಬಂತು. ನಮ್ಮೂರಿನವರು ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದು ನನ್ನ ವಿದ್ಯೆ ನೋಡಿ ಅಲ್ಲ. ‘ಇವ್ನಾದ್ರೆ ಯಾವ್ದನ್ನೂ ಕೇಳಿದ್ ಬೆಲೆಗ್ ತರಾಕಿಲ್ಲ ಕಣ್ಲಾ’ ಎಂದು ಹಿರಿಯರೊಬ್ಬರು ಅರಳಿಕಟ್ಟೆಯಲ್ಲಿ ತೀರ್ಪು ಕೊಟ್ಟಿದ್ದರು. ಮಾತು ಉಳಿಸಿಕೊಂಡೆ. ಕೊಳ್ಳೇಗಾಲದಲ್ಲಿ ಟೈಪಿಂಗ್ ಕಲಿಸುವವರೊಬ್ಬರು ಹೊಸ ಕಂಪ್ಯೂಟರುಗಳನ್ನು ತಂದಿದ್ದರು. ಹಳೆಯದೊಂದನ್ನು ಮೂಲೆಗೆ ಹಾಕಿದ್ದರು. ನನ್ನ ಅಂಗಡಿಯ ಒಂದು ಟಿ.ವಿ.ಯನ್ನು ಅವರಿಗೆ ಕೊಟ್ಟು ಅದನ್ನು ಶಾಲೆಗೆ ತಂದೆ. ಸ್ಟೆಬಿಲೈಸರ್ ಕೂಡ ಹಾಕಿಸಿಕೊಂಡೇ ಎದ್ದೆ.

ನಮ್ಮ ಶಾಲೆಯಲ್ಲಿ ಐದು ಕ್ಲಾಸಿಗೆ ಇಬ್ಬರೇ ಮೇಷ್ಟ್ರು. ಹೆಡ್‌ಮಾಸ್ಟರಿಗೆ ಅರ್ಧ ವಾರ ಮೀಟಿಂಗು, ಇನ್ನರ್ಧ ವಾರ ಅಕ್ಕಿಬೇಳೆ ತರುವ ಓಡಾಟ. ಉಳಿದವರು ಟೀಚರಮ್ಮ ಒಬ್ಬರೇ. ಯಳಂದೂರು ತಾಲ್ಲೂಕಿನ ಅಗರದ ಕಡೆಯವರು, ಹನೂರಿನಲ್ಲಿ ಒಂದು ರೂಮು ಮಾಡಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಮಧ್ಯ ಗೋಡೆಯಿಲ್ಲದ ಉದ್ದನೆಯ ಕೊಠಡಿ. ಆ ತುದಿಯಲ್ಲಿ ಒಂದನೇ ಕ್ಲಾಸು, ಈ ತುದಿಯಲ್ಲಿ ಐದನೇ ಕ್ಲಾಸು, ಹೊರಗೆ ಮಿಲ್ಲು. ಹದಿನೈದು ವರ್ಷ ಆ ಸದ್ದನ್ನು ಮೀರಿ ಕೂಗಿ ಕೂಗಿ ಪಾಠ ಮಾಡಿದವರು ಅವರು.

ಕಂಪ್ಯೂಟರಿನ ಜೊತೆ ಒಂದು ಸಿ.ಡಿ. ಬಂದಿತ್ತು. ಅದರಲ್ಲಿ ಒಂದು ಮೊಲ ಇಂಗ್ಲಿಷಿನಲ್ಲಿ ಲೆಕ್ಕ ಕೇಳುತ್ತಿತ್ತು. ಸರಿ ಒತ್ತಿದರೆ ಕುಣಿಯುತ್ತಿತ್ತು. ಮಕ್ಕಳಿಗೆ ಲೆಕ್ಕ ತಿಳಿಯಲಿಲ್ಲ, ಮೊಲ ಇಷ್ಟವಾಯಿತು. ಟೀಚರಮ್ಮ ನೋಡಿದ್ದು ಮೊಲವನ್ನಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ನೆಲ ನೋಡುತ್ತಿದ್ದ ಮಕ್ಕಳು ಮೌಸ್ ಕೈಗೆ ಕೊಟ್ಟ ತಕ್ಷಣ ಒತ್ತುತ್ತಿದ್ದವು.

‘ಯಾಕ್ ಹೇಳಿ ಅಧ್ಯಕ್ಷರೇ, ಬಾಯಿ ಬುಡದೋವು ಇದ್ರತ್ರ ಬೆರಳ್ ಬುಡ್ತವೆ?’ ಎಂದು ಕೇಳಿದರು.

‘ನಮ್ ಯಾಪಾರಾನೂ ಅಷ್ಟೇ ಟೀಚರೇ. ಮಾಲ ಶೋಕೇಸ್ನಲ್ಲಿಟ್ಟು ಬೆಲೆ ಹೇಳುದ್ರೆ ಗಿರಾಕಿ ಕೈ ಕಟ್ಕಂಡ್ ನಿಂತ್ಕತಾನೆ. ಅವ್ನ ಕೈಗೇ ರೇಡಿಯೋ ಕೊಟ್ಟು ನೀನೇ ತಿರುಗ್ಸು ಅನ್ಬೇಕು.’

ಅವರು ನಕ್ಕರು. ಆ ನಗುವಿನಲ್ಲೇ ಏನೋ ಒಡಕು ಕೇಳಿಸಿತು. ಧೂಳು ಇರಬೇಕು, ಮೆಣಸಿನ ಕಷಾಯ ಕುಡಿಯಿರಿ ಎಂದೆ. ಎರಡು ತಿಂಗಳು ಕುಡಿದರು. ದನಿ ಇನ್ನೂ ಇಳಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ತೋರಿಸಿದಾಗ ಗಂಟಲಲ್ಲಿ ಗಡ್ಡೆ ಇದೆ, ಆಪರೇಷನ್ ಆಗಲೇಬೇಕು ಎಂದರು. ಜೀವಕ್ಕೆ ಏನೂ ಆಗದು, ದನಿ ಉಳಿಯುತ್ತದೆ ಅಂತ ಮಾತ್ರ ಹೇಳಲಾರೆವು ಅಂದರಂತೆ.

ದನಿ ಇಲ್ಲದ ಟೀಚರನ್ನು ಯಾರು ಕ್ಲಾಸಿನಲ್ಲಿ ಬಿಡುತ್ತಾರೆ? ಮದುವೆಯಾಗದೆ, ಮನೆಯವರ ಜೊತೆ ಜಗಳವಾಡಿ ಈ ಕೆಲಸಕ್ಕೆ ಬಂದ ಹೆಂಗಸು. ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, ಪಿಸುದನಿಯಲ್ಲಿ ಹೇಳಿದರು: ‘ಆಫೀಸ್ಗೆ ಆಕ್ಬುಡ್ತಾರೆ ಅಣ್ಣ. ಫೈಲ್ ಕಟ್ಟುಕ್ಕೆ.’ ಅಧ್ಯಕ್ಷರೇ ಎಂದು ತಮಾಷೆ ಮಾಡುತ್ತಿದ್ದವರು ಅವತ್ತು ಅಣ್ಣ ಅಂದದ್ದು.

ದನಿ ಹೋಗುವ ಮುಂಚೆ ಹಿಡಿದಿಡೋಣ ಎಂದು ಲೆಕ್ಕ ಹಾಕಿದೆವು. ಚಿತ್ರವೂ ಸದ್ದೂ ಸೇರಿಸಿ ಪುಟ ಮಾಡುವುದನ್ನು ನಾನು ಆ ಟೈಪಿಂಗಿನವರ ಹತ್ತಿರ ಒಂದು ವಾರ ಕೂತು ಕಲಿತೆ. ಪ್ರಶ್ನೆ ಟೀಚರಮ್ಮನ ದನಿಯಲ್ಲಿ ಬರಬೇಕು, ಮೂರು ಚಿತ್ರ ಕಾಣಬೇಕು, ಮಗು ಒಂದನ್ನು ಒತ್ತಬೇಕು. ಮೊಲ ಬೇಡ ಅಂದರು. ಕುಂತೂರು ಸಕ್ಕರೆ ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರು ಬರೆದರು. ಟ್ರೇಲರಿನಿಂದ ಹುಡುಗರು ಎರಡು ಕಬ್ಬು ಎಳೆದುಕೊಂಡರೆ ಉಳಿದದ್ದೆಷ್ಟು ಎನ್ನುವುದು ಮೊದಲ ಲೆಕ್ಕ. ಎಲ್ಲಾ ಮಕ್ಕಳೂ ಎಳೆದುಕೊಂಡವರೇ ಆದ್ದರಿಂದ ಆ ಲೆಕ್ಕ ಯಾರಿಗೂ ತಪ್ಪುತ್ತಿರಲಿಲ್ಲ.

ದನಿ ಹಿಡಿಯುವುದಕ್ಕೆ ಕರೆಂಟೂ ಬೇಕು, ನಿಶ್ಶಬ್ದವೂ ಬೇಕು. ಮಿಲ್ಲಿನವನ ಹತ್ತಿರ ಹೋದೆ. ಶನಿವಾರ ಮಧ್ಯಾಹ್ನ ಒಂದು ಗಂಟೆ ಹೊತ್ತು ಬೆಲ್ಟು ಬಿಚ್ಚು ಅಂದೆ.

‘ಕರೆಂಟ್ ಇರದೇ ಮೂರ್ ಗಂಟೆ. ಅದ್ರಲ್ ಒಂದ್ ಗಂಟೆ ನಿಂಗ್ ಕೊಟ್ರೆ ಈ ರಾಗಿಯೆಲ್ಲ ನಿಮ್ಮಪ್ಪ ಬಂದು ಬೀಸ್ಕೊಟ್ಟಾನ್ಲಾ?’

‘ನಮ್ಮಪ್ಪ ಬದುಕಿದ್ರೆ ಅವ್ನ್ನೇ ಕೂರಿಸ್ತಿದ್ದೆ ಕಣಣ್ಣ. ನಿನ್ ಟೀವೀಲಿ ಬರೀ ಗೆರೆ ಬತ್ತವೆ ಅಂತಿದ್ದಲ್ಲ, ರಿಪೇರಿ ಮಾಡ್ಕೊಡ್ತೀನಿ.’

‘ಆಂಟೆನಾನೂವೆ?’

‘ಆಂಟೆನಾನೂವೆ.’

‘ಕಂಬಾನೂ ನಿಂದೇ.’

ಹಿಟ್ಟಿಗೆ ಕಾದು ಕೂತಿದ್ದ ಮುದುಕಿಯೊಬ್ಬಳು ತಡೆಯಲಾರದೆ ಬೈದಳು: ‘ಥೂ ನಿಮ್ ಯಾಪಾರ್ಕೆ! ಮಿಸ್ಸಮ್ಮನ ಗಂಟ್ಲು ಓಯ್ತಾ ಅದೆ, ನೀವ್ ಕಂಬ ಅಳೀತಾ ಇದ್ದೀರಿ. ನಿಲ್ಸೋ ಮೊದ್ಲು. ಇಟ್ಟು ಸಂಜ್ಗಾದ್ರೂ ಆಯ್ತದೆ.’

ಹೀಗೆ ನಾಲ್ಕಾರು ಶನಿವಾರ ಮಿಲ್ಲು ನಿಂತಿತು. ಟೀಚರಮ್ಮ ಬಿಸಿನೀರು ಕುಡಿಯುತ್ತಾ ಮೈಕಿನ ಮುಂದೆ ಒಂದೊಂದೇ ಪ್ರಶ್ನೆ ಓದಿದರು. ಸರಿ ಉತ್ತರಕ್ಕೆ ಏನು ಹೇಳ್ತೀರಿ ಅಂತ ಕೇಳಿದೆ.

‘ಸರಿ ಒತ್ತುದ್ರೆ ಗಂಟೆ ಸದ್ದು ಬರ್ಲಿ, ಸಾಕು. ಗೊತ್ತಿರೋ ಮಗೀಗೆ ನಾನ್ಯಾಕೆ? ಗೊತ್ತಿಲ್ದೋನ್ಗೆ ತಾನೆ ನಾನ್ ಬೇಕು?’

ಒಪ್ಪತಕ್ಕ ಮಾತೇ. ದನಿಯೂ ಉಳಿಯುತ್ತದೆ, ಕರೆಂಟೂ ಉಳಿಯುತ್ತದೆ. ತಪ್ಪು ಒತ್ತಿದಾಗ ಬರಲು ಒಂದೇ ಒಂದು ಮಾತು ಹೇಳಿ ಎಂದೆ. ಅವರು ಓದುವ ದನಿ ಬಿಟ್ಟು ಮನೆಯ ದನಿಯಲ್ಲಿ ಹೇಳಿದರು: ‘ಇಲ್ಲ ಕಣಪ್ಪ. ಅವಸರ ಬ್ಯಾಡ. ಇನ್ನೊಂದ್ಸಲ ನೋಡು, ನಾನಿಲ್ಲೇ ಇವ್ನಿ.’

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಕುತ್ತಿಗೆಗೆ ಹತ್ತಿಯ ಬಟ್ಟೆ ಸುತ್ತಿಕೊಂಡು ಅವರು ಶಾಲೆಗೆ ವಾಪಸು ಬಂದಾಗ ಮಕ್ಕಳು ಹತ್ತಿರ ಹೋಗಲು ಹೆದರಿದವು. ಉಸಿರಿನಲ್ಲಿ ಏನೋ ಹೇಳುತ್ತಿದ್ದರು, ಅದು ಮೊದಲ ಸಾಲಿಗೂ ಮುಟ್ಟುತ್ತಿರಲಿಲ್ಲ. ಅಂಗಡಿಯಿಂದ ದೊಡ್ಡ ಸ್ಪೀಕರ್ ತಂದು ಜೋಡಿಸಿದ್ದೆ, ಕಂಪ್ಯೂಟರಿನ ದನಿ ಮಾತ್ರ ಮಿಲ್ಲು ತಿರುಗುತ್ತಿದ್ದರೂ ಕೊಠಡಿಯ ಆ ತುದಿಗೂ ಹೋಗುತ್ತಿತ್ತು. ಕರೆಂಟಿನ ಸರದಿ ನೋಡಿಕೊಂಡು ಟೈಮ್‌ಟೇಬಲ್ ಬದಲಿಸಿದರು. ಯಂತ್ರ ಪ್ರಶ್ನೆ ಕೇಳುವುದು, ಮಗು ಒತ್ತುವುದು, ಟೀಚರಮ್ಮ ಪಕ್ಕದಲ್ಲಿ ನಿಂತು ಬೋರ್ಡಿನ ಮೇಲೆ ಬರೆದು ತೋರಿಸುವುದು. ಹೇಗೋ ಕ್ಲಾಸು ನಡೆಯಿತು.

ಇಲಾಖೆಯವರಿಗೆ ಸುದ್ದಿ ಮುಟ್ಟಿತು. ಕೊಳ್ಳೇಗಾಲದ ಆಫೀಸಿಗೆ ನಾನೇ ಹೋಗಿ ಕೂತೆ. ಸಾಹೇಬರು ಕೆಟ್ಟವರಲ್ಲ. ‘ನಿಯಮ ಅಂತ ಒಂದು ಇದೆ ನೋಡಿ’ ಅಂದರು. ನಿಯಮದ ಜೊತೆ ಚೌಕಾಸಿ ಮಾಡಬಾರದು, ನಿಯಮ ಹಿಡಿದುಕೊಂಡಿರುವ ಮನುಷ್ಯನ ಜೊತೆ ಮಾಡಬೇಕು. ಇದನ್ನು ಯಾರು ಬೇಕಾದರೂ ನನ್ನಿಂದ ಬಿಟ್ಟಿಯಾಗಿ ಕಲಿತುಕೊಳ್ಳಬಹುದು. ‘ನೀವೇ ಬಂದ್ ನೋಡಿ ಸಾ. ಮಕ್ಕಳು ಕಲ್ತಿದ್ರೆ ಅವ್ರ ಅಲ್ಲೇ ಬುಡಿ. ಕಲ್ತಿಲ್ಲ ಅಂದ್ರೆ ನಾನ್ ಒಂದ್ ಮಾತೂ ಆಡಾಕಿಲ್ಲ’ ಎಂದೆ. ಅವರು ಒಪ್ಪಿದರು. ಗೆದ್ದೆ ಅಂದುಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ ಹೆಚ್ಚಿಗೆ ತಿಂದು ಊರಿಗೆ ಬಂದೆ.

ನನ್ನ ಮಗಳು ಆಗ ಮೂರನೇ ಕ್ಲಾಸು. ಊಟಕ್ಕೆ ಕೂತಾಗ, ಸಾಹೇಬರು ಬರುತ್ತಾರೆ, ಲೆಕ್ಕ ಬರುತ್ತಾ ಎಂದು ಕೇಳಿದೆ. ಕೇಳಿದ್ದಕ್ಕೆಲ್ಲ ಪಟಪಟ ಹೇಳಿದಳು.

‘ಮತ್ತೆ ಕಂಪ್ಯೂಟರ್ನಲ್ಲಿ ತಪ್ಪಾಯ್ತದೆ ಅಂತಿದ್ರಲ್ಲ ನಿಮ್ ಹೆಡ್‌ಮಾಸ್ಟ್ರು?’

‘ಅದು ಬೇಕಂತ ಕಣಪ್ಪ. ಸರಿ ಒತ್ತುದ್ರೆ ಟಿಣ್ ಅಂತದೆ ಅಷ್ಟೆ. ತಪ್ಪು ಒತ್ತುದ್ರೆ ಮಿಸ್ಸು ಮಾತಾಡ್ತರೆ.’

‘ಎಲ್ರೂ ಅಂಗೇ ಮಾಡ್ತೀರಾ?’

‘ಊಂ. ಒಬ್ಬೊಬ್ರು ಎರಡ್ಸಲ ತಪ್ಪು ಒತ್ಬೇಕು, ಆಮೇಲ್ ಸರಿ ಒತ್ಬೇಕು. ಮೂರ್ಸಲ ಒತ್ತುದ್ರೆ ಜಗಳ ಬತ್ತದೆ.’

ಮಾರನೆಯ ದಿನವೇ ಟೀಚರಮ್ಮನಿಗೆ ಹೇಳಿದೆ. ತಪ್ಪಿಗೆ ಒಳ್ಳೇ ಮಾಲು ಕೊಟ್ಟು ಸರಿಗೆ ಬರೀ ಗಂಟೆ ಕೊಟ್ಟರೆ ಗಿರಾಕಿ ಯಾವ ಕಡೆ ಹೋಗುತ್ತಾನೆ? ಅದಲುಬದಲು ಮಾಡೋಣವೆಂದರೆ, ‘ಇಲ್ಲ ಕಣಪ್ಪ’ ಎನ್ನುವುದನ್ನು ಸರಿ ಉತ್ತರಕ್ಕೆ ಹಾಕುವಂತಿಲ್ಲ. ಶಭಾಷ್ ಎಂದು ಹೊಸದಾಗಿ ಹೇಳಿಸೋಣವೆಂದರೆ ಹೇಳುವ ದನಿ ಈಗ ಇಲ್ಲ. ಸ್ಪೀಕರ್ ಕಿತ್ತರೆ ಓದಲು ಬಾರದ ಚಿಕ್ಕವರಿಗೆ ಪ್ರಶ್ನೆಯೇ ಕೇಳಿಸದು. ಆ ಒಂದು ಮಾತನ್ನು ಅಳಿಸಿಬಿಡೋಣ, ಅದೊಂದೇ ದಾರಿ ಅಂದೆ.

ಅವರಿಗೆ ಈ ವಿಷಯ ಮೊದಲೇ ಗೊತ್ತಿತ್ತು. ಮುಖ ನೋಡಿದರೇ ತಿಳಿಯುತ್ತಿತ್ತು. ಮೌಸಿನ ಮೇಲೆ ಕೈಯಿಟ್ಟು ಅಡ್ಡಡ್ಡ ತಲೆಯಾಡಿಸಿದರು. ಬೋರ್ಡಿನ ಮೇಲೆ ‘ಬೇಡ’ ಎಂದು ಬರೆದರು. ಅದರ ಕೆಳಗೆ ‘ಮಕ್ಕಳಿಗೆ ನಾನು ಹೇಳುತ್ತೇನೆ’ ಎಂದು ಬರೆದು, ನಾನು ಓದಿದ ಮೇಲೆ ಒರೆಸಿದರು. ಹೇಗೆ ಹೇಳಿದರೋ, ಮಕ್ಕಳೆಲ್ಲ ಆಣೆ ಮಾಡಿದವು: ಸಾಹೇಬರು ಬಂದ ದಿನ ಸರಿಯಾಗಿಯೇ ಒತ್ತುತ್ತೇವೆ.

ಸಾಹೇಬರು ಜೀಪಿನಲ್ಲಿ ಬಂದರು. ಮಿಲ್ಲು ನಿಂತಿತ್ತು, ಕರೆಂಟಿತ್ತು, ಎಲ್ಲಾ ನಾನು ಜೋಡಿಸಿದ ಹಾಗೆಯೇ ಇತ್ತು. ನನ್ನ ಮಗಳು ಸರಿ ಒತ್ತಿದಳು. ಗಂಟೆ ಹೊಡೆಯಿತು. ಇನ್ನೊಬ್ಬನೂ ಸರಿ ಒತ್ತಿದ. ಮೂರನೆಯದು ಒಂದನೇ ಕ್ಲಾಸಿನ ಪುಟ್ಟ ಹುಡುಗಿ. ಸಾಹೇಬರು ಪ್ರೀತಿಯಿಂದಲೇ ಅವಳ ಹೆಗಲ ಮೇಲೆ ಕೈಯಿಟ್ಟರು. ಕೂದಲು ತುಂಬಿದ ದೊಡ್ಡ ಕೈ. ಮಗು ಹೆಗಲು ಕುಗ್ಗಿಸಿಕೊಂಡಿತು. ಗೋಡೆಗೆ ಒರಗಿ ನಿಂತಿದ್ದ ಟೀಚರಮ್ಮನ ಕಡೆ ತಿರುಗಿತು. ಅವರು ತುಟಿ ಅಲ್ಲಾಡಿಸಿದರು, ಏನೂ ಕೇಳಿಸಲಿಲ್ಲ. ಮಗು ಯಂತ್ರದ ಕಡೆ ತಿರುಗಿ ಬೇಕಂತಲೇ ತಪ್ಪು ಚಿತ್ರ ಒತ್ತಿತು.

‘ಇಲ್ಲ ಕಣಪ್ಪ. ಅವಸರ ಬ್ಯಾಡ. ಇನ್ನೊಂದ್ಸಲ ನೋಡು, ನಾನಿಲ್ಲೇ ಇವ್ನಿ.’

ಅದು ಕೇಳಿದ ಮೇಲೆ ಕೊಠಡಿಯೇ ಒಂದು ಉಸಿರು ಬಿಟ್ಟಂತಾಯಿತು. ಆಮೇಲೆ ಬಂದವರು ಒಬ್ಬರೂ ಸರಿ ಒತ್ತಲಿಲ್ಲ. ಆ ಹೊಸ ಮನುಷ್ಯನ ಪಕ್ಕದಲ್ಲಿ ನಿಂತಾಗ ಎಲ್ಲರಿಗೂ ಆ ಮಾತು ಬೇಕಾಗಿತ್ತು. ಸಾಹೇಬರು ಬಾಯಿಯಲ್ಲಿ ಪ್ರಶ್ನೆ ಕೇಳಿದರು. ಮಕ್ಕಳು ನೆಲ ನೋಡಿದವು.

ಹೊರಗೆ ಜೀಪಿನ ಹತ್ತಿರ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

‘ನೀವು ಹೇಳೋದು ನಿಜಾನೇ ಇರಬಹುದು. ಮಕ್ಕಳು ಪ್ರೀತಿಯಿಂದ ತಪ್ಪು ಒತ್ತುತ್ತಾರೆ ಅಂತ ನಾನು ಬರೆಯೋಕಾಗುತ್ತಾ? ಮಾತು ನಿಮ್ಮದೇ ಅಲ್ವಾ, ಕಲಿತಿದ್ರೆ ಬಿಡಿ ಅಂತ?’

ಮಾತು ನನ್ನದೇ. ಒಂದು ಸಲ ಕುದುರಿದ ವ್ಯಾಪಾರವನ್ನು ಮುರಿದವನಲ್ಲ ನಾನು. ಜೀಪು ಹೋಯಿತು. ಮಿಲ್ಲು ಶುರುವಾಯಿತು.

ಟೀಚರಮ್ಮನನ್ನು ಕೊಳ್ಳೇಗಾಲದ ಆಫೀಸಿಗೆ ಹಾಕಿದರು. ಶಾಲೆಗೆ ಬೇರೆ ಮೇಷ್ಟ್ರು ಬಂದರು, ಎಳೆಯ ವಯಸ್ಸು, ಮಿಲ್ಲನ್ನೂ ಮೀರಿಸುವ ಗಂಟಲು. ಪ್ರಶ್ನೆಗಳನ್ನು ನಾನೇ ಓದಿ ಹೇಳುತ್ತೇನೆ ಎಂದು ಸ್ಪೀಕರಿನ ವೈರು ಕಿತ್ತು ಬೀರುವಿನಲ್ಲಿಟ್ಟರು. ಅವರ ತಪ್ಪೇನೂ ಇಲ್ಲ. ಮಕ್ಕಳು ಯಾವಾಗಲೂ ತಪ್ಪನ್ನೇ ಒತ್ತುವುದನ್ನು ಕಂಡ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ದನಿ ನಿಂತ ಮೇಲೆ ಎಲ್ಲವೂ ಸರಿಯನ್ನೇ ಒತ್ತತೊಡಗಿದವು.

ಕೆಲವು ತಿಂಗಳ ಮೇಲೆ ಅಂಗಡಿಗೆ ಮಾಲು ತರಲು ಕೊಳ್ಳೇಗಾಲಕ್ಕೆ ಹೋದವನು ಆಫೀಸಿಗೆ ಹೋದೆ. ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ, ಎರಡು ಫೈಲಿನ ರಾಶಿಗಳ ನಡುವೆ ಟೀಚರಮ್ಮ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಕುರ್ಚಿ ಎಳೆದುಕೊಟ್ಟರು. ನನ್ನ ಮಗಳೆಷ್ಟು ಎತ್ತರ ಆಗಿದ್ದಾಳೆ ಎಂದು ಕೈಯಲ್ಲಿ ಕೇಳಿದರು, ತೋರಿಸಿದೆ. ಆಮೇಲೆ ಮೇಜಿನ ಮೇಲೆ ತೋರುಬೆರಳನ್ನು ಎರಡು ಸಲ ಒತ್ತಿ, ಈಗಲೂ ತಪ್ಪು ಒತ್ತುತ್ತವಾ ಎನ್ನುವಂತೆ ಹುಬ್ಬು ಏರಿಸಿದರು.

ವ್ಯಾಪಾರದಲ್ಲಿ ಸುಳ್ಳು ಹೇಳಿ ಅಭ್ಯಾಸ ಇರುವವನಿಗೂ ಆ ಹೊತ್ತಿಗೆ ಒಂದು ಸುಳ್ಳು ಸಿಗಲಿಲ್ಲ.

‘ಎಲ್ಲಾ ಚೆನ್ನಾಗ್ ಕಲ್ತವೆ ಟೀಚರೇ’ ಅಂದೆ. ‘ಈಗ ಒಂದೂ ತಪ್ಪು ಒತ್ತಾಕಿಲ್ಲ.’

ಅವರು ನನ್ನ ಬಾಯನ್ನೇ ನೋಡಿದರು. ತಲೆಯಾಡಿಸಿದರು. ಆಮೇಲೆ ಮುಂದಿದ್ದ ಫೈಲಿನ ಲಾಡಿ ಬಿಗಿದು ಗಂಟು ಹಾಕಿ, ಅದನ್ನು ಆ ಕಡೆಯ ರಾಶಿಗೆ ಸೇರಿಸಿ, ಈ ಕಡೆಯಿಂದ ಇನ್ನೊಂದನ್ನು ಎಳೆದುಕೊಂಡರು.