ಕೊಡಕ್ಕಲ್ಲದ ಸಿಂಬಿ

ನೀವು ಕಲಬುರಗಿಯ ಗಾಜಿಪುರದ ನಮ್ಮ ಮನೆಗೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಪಡಸಾಲೆಯ ಕುರ್ಚಿಯನ್ನು ಆಕ್ರಮಿಸಿಕೊಂಡಿರುವ ಒಂದು ಸಿಂಬಿ. ನೀರಿನ ಕೊಡ ಹೊರುವಾಗ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವ, ಬಟ್ಟೆ ಸುತ್ತಿ ಬಳೆಯಂತೆ ಮಾಡಿದ ಅದೇ ಸಿಂಬಿ. ಆದರೆ ಇದರ ಗಾತ್ರ ನೋಡಿದರೆ ಇದನ್ನು ಹೊರುವ ತಲೆ ಯಾವ ರಾಕ್ಷಸಿಯದೋ ಎಂಬ ಅನುಮಾನ ನಿಮಗೆ ಬಂದೀತು. ನಮ್ಮತ್ತೆ ತಮ್ಮ ಹಳೆಯ ಇಳಕಲ್ ಸೀರೆಯನ್ನು ಹರಿದು, ಒಳಗೆ ಹತ್ತಿ ತುಂಬಿ, ಕೌದಿ ಹೊಲಿಯುವ ಸೂಜಿಯಲ್ಲಿ ಹೊಲಿದು, ಕಮಲಾಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸಿಂಬಿ ಇದು. ತಲೆಗಲ್ಲ, ಕೂಡುವುದಕ್ಕೆ, ಅಂದರೆ ಕೂತುಕೊಳ್ಳುವುದಕ್ಕೆ. ನಡುವಿನ ಖಾಲಿ ಜಾಗ ಎಲ್ಲಿಗೆ ಬರಬೇಕೋ ಸರಿಯಾಗಿ ಅಲ್ಲಿಗೇ ಬರುತ್ತದೆ, ಆದರೆ ಅದರ ಅಳತೆಯನ್ನು ಅವರು ನನ್ನಿಂದ ಕೇಳಿರಲಿಲ್ಲ.

ನನಗಿರುವುದು ಕ್ರೋನ್ಸ್ ಎಂಬ ಕರುಳಿನ ಕಾಯಿಲೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಬಿದ್ದು ಕರುಳನ್ನು ಹುಣ್ಣು ಮಾಡುವ, ಒಮ್ಮೆ ಬಂದರೆ ಜೊತೆಯಲ್ಲೇ ಬಾಳುವ ರೋಗ. ಕೆಲವು ವರ್ಷ ಹೊಟ್ಟೆನೋವು, ಭೇದಿ, ಸುಸ್ತುಗಳಲ್ಲೇ ಕಾಲ ಹಾಕಿದ ಅದು, ಆಮೇಲೆ ಕರುಳಿನ ತುದಿಯಿಂದ ಆಸನದ್ವಾರದ ಪಕ್ಕದ ಚರ್ಮದವರೆಗೆ ಕೀವು ಹರಿಯುವ ಒಂದು ಕಳ್ಳದಾರಿಯನ್ನು ಕೊರೆಯಿತು. ಡಾಕ್ಟರು ಅದರೊಳಗೆ ಒಂದು ದಾರ ಪೋಣಿಸಿ ಗಂಟು ಹಾಕಿದರು, ಕೀವು ಒಳಗೆ ನಿಲ್ಲದೆ ಹೊರಗೆ ಹೋಗಲಿ ಎಂದು. ಈ ದಾರಿಗೆ ಫಿಸ್ಟುಲಾ ಅನ್ನುತ್ತಾರೆ ಎಂದು ಗಂಡ ತಮ್ಮ ತಾಯಿಗೆ ವಿವರಿಸಿದಾಗ ಅತ್ತೆ ಹೌಹಾರಿಬಿಟ್ಟರು. "ಯಪ್ಪಾ! ಅಕಿ ಹೊಟ್ಯಾಗ ಪಿಸ್ತೂಲ ಹ್ಯಾಂಗ ಹೋತೋ?"

ದಾರ ಹಾಕಿದ ಜಾಗ ಹಿಡಿದುಕೊಂಡು ನಕ್ಕೆ, ನೋವಿಗೆ ಕಣ್ಣೀರು ಹಾಕಿದೆ, ಮತ್ತೆ ನಕ್ಕೆ. ಅಂದಿನಿಂದ ಆ ಶಬ್ದ ನಮ್ಮ ಮನೆಯಲ್ಲಿ ಉಳಿದುಕೊಂಡಿತು. ಅತ್ತೆ ಕಮಲಾಪುರದಿಂದ ದಿನಾ ಫೋನ್ ಮಾಡಿ, "ಇವತ್ತ ಪಿಸ್ತೂಲ ಹ್ಯಾಂಗದವ್ವಾ?" ಎನ್ನುವರು. "ಸುಮ್ಮ ಕುಂತದ್ರೀ ಅತ್ತಿ" ಎನ್ನುವೆ ನಾನು. ನೋಡಿ, ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಇದೇ ರೋಗಕ್ಕೆ ಭಗಂದರ ಎಂಬ ಘನವಾದ ಹೆಸರು ನಿಘಂಟಿನಲ್ಲಿದೆ ಎಂದು ಬಲ್ಲವಳು. ಆದರೆ ಆ ಹೆಸರನ್ನು ಹಿಡಿದು ಯಾರ ಎದುರಿಗೆ ಬಾಯಿ ತೆರೆಯಲಿ? ನನ್ನ ಪಾಂಡಿತ್ಯ ಕೊಡದ ಸಲಿಗೆಯನ್ನು ಅತ್ತೆಯ ತಪ್ಪು ಕೊಟ್ಟಿತು.

ಸಿಂಬಿಯನ್ನು ಕಾಲೇಜಿಗೂ ಒಯ್ಯುತ್ತಿದ್ದೆ. ಒಂದು ದಿನ ಸ್ಟಾಫ್ ರೂಮಿನಲ್ಲಿ ಅರ್ಥಶಾಸ್ತ್ರದ ನಸ್ರೀನ್ ಮೇಡಂ ಅದನ್ನು ನೋಡಿ, "ಇದೇನ್ರೀ ಮೇಡಂ, ಇಷ್ಟ ದೊಡ್ಡ ಸಿಂಬಿ?" ಎಂದು ಕೇಳಿದರು. ಕೂಡಾಕ ಎನ್ನಬೇಕಾದ ನಾಲಿಗೆ ಥಟ್ಟನೆ ತಿರುಗಿ "ಕೊಡಕ್ಕ್ರೀ" ಎಂದುಬಿಟ್ಟಿತು. ಪಾಪ, ಅವರು ನಂಬಿದರು, ಗಾಜಿಪುರದ ನಳದ ನೀರಿನ ಗತಿಗೆ ಮರುಗಿದರು ಕೂಡ. ಹ್ರಸ್ವಕ್ಕೂ ದೀರ್ಘಕ್ಕೂ ಅಜಗಜಾಂತರವಿದೆ ಎಂದು ಮಕ್ಕಳಿಗೆ ವರ್ಷವಿಡೀ ಬೈಯುವ ನಾನು ಎರಡು ದೀರ್ಘಗಳನ್ನು ನುಂಗಿ ಮಾನ ಉಳಿಸಿಕೊಂಡಿದ್ದೆ.

ಇದಕ್ಕಿಂತ ದೊಡ್ಡದೊಂದನ್ನು ಆಗ ನುಂಗಿಕೊಂಡಿದ್ದೆ. ಎರಡು ತಿಂಗಳಿಂದ ಹಿಂದಿನಿಂದ ಹೋಗಬೇಕಾದ ಗಾಳಿ ಮುಂದಿನ ದಾರಿಯಿಂದ, ಅಂದರೆ ಮಗು ಹುಟ್ಟಿಬರುವ ದಾರಿಯಿಂದ ಹೋಗುತ್ತಿತ್ತು. ಗಾಳಿಯಷ್ಟೇ ಅಲ್ಲ, ಕೆಲವು ಸಲ ಹೊಲಸೂ. ಉರಿ, ವಾಸನೆ, ಮೇಲಿಂದ ಮೇಲೆ ಜ್ವರ. ಪೇಪರು ತಿದ್ದುವ ನೆಪ ಹೇಳಿ ಗಂಡನಿಂದ ದೂರ ಬೇರೆ ಕೋಣೆಯಲ್ಲಿ ಮಲಗುತ್ತಿದ್ದೆ. ಡಾಕ್ಟರು ಕೇಳಿದಾಗಲೆಲ್ಲ "ಅರಾಮ ಅದೀನ್ರೀ" ಎನ್ನುತ್ತಿದ್ದೆ, ಅವರೂ ನಂಬಿ, ಬರುವ ವಾರ ದಾರ ತೆಗೆಯುವ ವಿಚಾರ ಮಾಡೋಣ ಎಂದಿದ್ದರು. ಎರಡನೆಯ ದಾರಿಯ ಸುದ್ದಿ ಹೇಳದೆ ದಾರ ತೆಗೆಸಿಕೊಂಡರೆ ಒಳಗೆ ಕೀವು ಮಡುಗಟ್ಟಬಹುದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೇಳಲು ಬಾಯಿ ಬರಲಿಲ್ಲ. ನಾಚಿಕೆ ಜೀವಕ್ಕಿಂತ ದೊಡ್ಡದು ಎಂದು ನನಗೆ ಯಾವಾಗ ಕಲಿಸಿದರೋ, ಯಾರು ಕಲಿಸಿದರೋ ತಿಳಿಯದು.

ಆ ಭಾನುವಾರ ಕಮಲಾಪುರಕ್ಕೆ ಹೋಗಿದ್ದೆವು. ಹಿತ್ತಲಿನಲ್ಲಿ ಅತ್ತೆ ಬೆಳೆಸಿದ ಕೆಂಪು ಬಾಳೆಗಿಡಗಳ ಪಕ್ಕ ನಾನು ಮೂರನೆಯ ಸಲ ನನ್ನ ಬಟ್ಟೆ ಒಗೆಯುತ್ತಿದ್ದಾಗ ಅವರು ಬಂದು ಎದುರಿಗೆ ಕೂತರು.

"ಮುಟ್ಟಾಗಿಲ್ಲ, ಏನಿಲ್ಲ. ಮತ್ತ ಇದೇನು ಮುಂಜಾನಿಂದ ಒಗ್ಯಾಕತ್ತಿ?"

ಓದಿದ ಒಂದು ಶಬ್ದವೂ ಕೈಗೆ ಸಿಗಲಿಲ್ಲ, ಸಿಕ್ಕಿದ್ದು ಅವರದೇ ಶಬ್ದ. "ಅತ್ತೀ, ಪಿಸ್ತೂಲಿಗಿ ಮುಂದಿನ ಕಡಿ ಇನ್ನೊಂದು ಬಾಯಿ ಬಿದ್ದದ್ರೀ."

ಅವರು ನಗಲಿಲ್ಲ. ನನ್ನ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡು ತಾವೇ ಹಿಂಡಿದರು. ಹಿಂಡುತ್ತಲೇ, ಹಪ್ಪಳದ ಹದ ಹೇಳುವಷ್ಟು ಸಹಜವಾಗಿ ಹೇಳಿದರು: "ನಿನ್ನ ಗಂಡ ಹುಟ್ಟಿದ ಮ್ಯಾಲ ನನಗ ಅಂಗ ಜಾರಿತ್ತವ್ವಾ, ಗರ್ಭಚೀಲ ಕೆಳಗ ಇಳಿದಿತ್ತು. ಹತ್ತು ವರ್ಷ ಯಾರ ಮುಂದೂ ಅನ್ಲಿಲ್ಲ. ತಲಿಮ್ಯಾಲ ಕೊಡ, ಕೆಳಗ ಅದು. ಕೊಡ ಎಲ್ಲಾರಿಗೂ ಕಾಣತಿತ್ತು. ಮನ್ಯಾಗ ಯಾರೂ ಇಲ್ಲದಾಗ ಸಿಂಬಿ ತಗದು ಅದರ ಮ್ಯಾಲ ಕೂಡತಿದ್ದೆ."

ನನ್ನ ಸಿಂಬಿಯ ಅಳತೆ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಇಷ್ಟು ವರ್ಷ ನಾನು ಅತ್ತೆಯ ಗಟ್ಟಿತನವನ್ನು ಅವರ ಗಟ್ಟಿ ದನಿಯಲ್ಲಿ ಹುಡುಕಿದ್ದೆ. ಹತ್ತು ವರ್ಷ ಸುಮ್ಮನೆ ಸಹಿಸಿದ್ದಕ್ಕಾಗಿ ಅವರನ್ನು ಮೆಚ್ಚುವುದು ಸುಲಭ, ನಮ್ಮ ಊರುಗಳಲ್ಲಿ ಅಂಥ ಮೆಚ್ಚುಗೆಗೆ ಕೊರತೆಯೂ ಇಲ್ಲ. ನಾನು ಮೆಚ್ಚುವುದು ಅವರು ಆ ಸಹನೆಯನ್ನು ಸೊಸೆಗೆ ಬಳುವಳಿ ಕೊಡಲಿಲ್ಲ ಎಂಬುದನ್ನು. ನಾನು ಸಹಿಸಲಿಲ್ಲವೇ, ನೀನೂ ಸಹಿಸು ಎನ್ನಲಿಲ್ಲ. "ನಾಳಿಗೇ ದವಾಖಾನಿಗಿ ಹೋಗೂಣು ನಡಿ" ಎಂದರು.

ಕಲಬುರಗಿಯ ಬಸ್ಸಿನಲ್ಲಿ ಸ್ಟಾಫ್ ರೂಮಿನ ಸುಳ್ಳನ್ನೂ ಒಪ್ಪಿಕೊಂಡೆ. ಕೊಡಕ್ಕ ಎಂದು ಹೇಳಿದೆನೆಂದು ಕೇಳಿ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಡಾಕ್ಟರ ಕೋಣೆಯಲ್ಲಿ ಮಾತ್ರ ನಗೆ ಇರಲಿಲ್ಲ. "ನೀವೇ ಹೇಳ್ರೀ ಅತ್ತಿ" ಎಂದು ಪಿಸುಗುಟ್ಟಿದರೆ, ಅವರು ಎಲ್ಲರಿಗೂ ಕೇಳುವಂತೆ, "ನೀನೇ ಹೇಳವ್ವಾ. ನಾ ಹೇಳಿದ್ರ ಅದು ಮತ್ತ ಪಿಸ್ತೂಲ ಆಗ್ತದ" ಎಂದು ನನ್ನ ಮೊಣಕೈ ಹಿಡಿದುಕೊಂಡರು.

ಹೇಳಿದೆ. ಗಾಳಿ, ಹೊಲಸು, ಉರಿ, ಬೇರೆ ಕೋಣೆ, ಒಂದನ್ನೂ ಬಿಡದೆ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿ, "ಈಗ ಹೇಳಿದ್ದು ಬಹಳ ಛಲೋ ಆತ್ರೀ ಮೇಡಂ" ಎಂದರು. ಹೆಣ್ಣುಮಕ್ಕಳ ಡಾಕ್ಟರನ್ನು ಕರೆಸಿದರು, ಸ್ಕ್ಯಾನ್ ಆಯಿತು, ಎರಡನೆಯ ದಾರಿ ಇದ್ದದ್ದು ಖರೆಯಾಯಿತು. ದಾರ ಇದ್ದಲ್ಲೇ ಉಳಿಯಿತು, ಔಷಧ ಬದಲಾಯಿತು. ಕರುಳು ಮೊದಲು ತಣ್ಣಗಾಗಲಿ, ಮುಚ್ಚುವ ಆಪರೇಷನ್ ಆಮೇಲೆ, ಅದೂ ಒಂದೇ ಸಲಕ್ಕೆ ಆಗುವುದೆಂಬ ಭರವಸೆ ಇಲ್ಲ ಎಂದರು. ನಾನು ಗುಣವಾಗಿದ್ದೇನೆ ಎಂದು ನಿಮಗೆ ಹೇಳಲಾರೆ. ಪೇಪರುಗಳನ್ನು ಈಗ ಹಗಲಿನಲ್ಲೇ ತಿದ್ದುತ್ತೇನೆ.

ಮೊನ್ನೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ ನಸ್ರೀನ್ ಮೇಡಂ ಸಿಂಬಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು. "ಅದು ಕೊಡಕ್ಕಲ್ರೀ ಮೇಡಂ, ಕೂಡಾಕ" ಎಂದು ಎಲ್ಲವನ್ನೂ ಹೇಳಿದೆ. ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಸಿಂಬಿಯನ್ನು ಕೆಳಗಿಡದೆಯೇ, ನನ್ನ ಮುಖ ನೋಡದೆಯೇ, "ನಿಮ್ಮತ್ತಿಯೋರು ಇಂಥಾದ್ದು ಇನ್ನೊಂದು ಹೊಲಿದು ಕೊಡ್ತಾರೇನ್ರೀ?" ಎಂದರು.

ಸಂಜೆ ಕಮಲಾಪುರಕ್ಕೆ ಫೋನ್ ಮಾಡಿ, ಇನ್ನೊಂದು ಸಿಂಬಿ ಬೇಕಿತ್ತು ಎಂದೆ. ಯಾರಿಗೆ ಎಂದು ಅತ್ತೆ ಕೇಳಲಿಲ್ಲ.

"ಕೊಡಕ್ಕೋ, ಕೂಡಾಕೋ?" ಎಂದರು.

"ಕೂಡಾಕ್ರೀ ಅತ್ತಿ" ಎಂದೆ, ಎರಡೂ ದೀರ್ಘಗಳನ್ನು ಎಳೆದು.