ಕಸ್ತೂರೆಮ್ಮನ ಕೈಗುಣ

ಗಂಗಾವತಿಯ ಆ ರೈಸ್ ಮಿಲ್ಲಿನಲ್ಲಿ ಬುತ್ತಿ ಬಿಚ್ಚಿ ಉಂಡ ಮೇಲೆ ಹೆಂಗಸರಿಗೆ ಎರಡು ಬೇಕಾಗುತ್ತಿದ್ದವು. ಒಂದು ಎಲೆ ಅಡಿಕೆ, ಇನ್ನೊಂದು ಕಣ್ಣಿಗೆ ತಂಪು. ಎಲೆ ಅಡಿಕೆ ಯಾರ ಸಂಚಿಯಿಂದ ಬಂದರೂ ನಡೆಯುತ್ತಿತ್ತು. ತಂಪು ಮಾತ್ರ ಕಸ್ತೂರೆಮ್ಮನ ಕೈಯಿಂದಲೇ ಬೀಳಬೇಕು.

ಕಸ್ತೂರೆಮ್ಮ ನವಲಿಯಲ್ಲಿ ಹುಟ್ಟಿ, ಹಮಾಲಿ ಹುಲಗಪ್ಪನನ್ನು ಕಟ್ಟಿಕೊಂಡು ಗಂಗಾವತಿಗೆ ಬಂದವಳು. ಮಿಲ್ಲು ಸೇರಿದ್ದು 1998ರಲ್ಲಿ. ಕುದಿಸಿದ ಭತ್ತವನ್ನು ಕಣದಲ್ಲಿ ಹರವಬೇಕು, ಕಾಲಾಡಿಸಿ ತಿರುವಬೇಕು, ಒಣಗಿದ್ದನ್ನು ಗುಡಿಸಿ ರಾಶಿ ಮಾಡಬೇಕು. ಹೊಟ್ಟಿನ ದೂಳು ಬಡಿದು ಬಡಿದು ಸಂಜೆಗೆ ಕಣ್ಣು ಕೆಂಡವಾಗುತ್ತಿತ್ತು. ಏಳೆಂಟು ವರ್ಷ ಹೀಗೇ ಉಜ್ಜಿಕೊಂಡ ಮೇಲೆ, ಬಜಾರಿನ ಔಷಧದಂಗಡಿಯವನು ಒಂದು ಸಣ್ಣ ಬಾಟಲಿ ಕೊಟ್ಟ. ಎರಡು ಹನಿಗೇ ಉರಿ ಹೋಯಿತು, ಮರುದಿನಕ್ಕೆ ಕೆಂಪೂ ಇಳಿಯಿತು.

ಅವತ್ತಿನಿಂದ ಆ ಬಾಟಲಿ ಅವಳ ಸಂಚಿಯಲ್ಲೇ ಉಳಿಯಿತು, ತೀರಿದರೆ ಅದೇ ಅಂಗಡಿಯಿಂದ ಇನ್ನೊಂದು. ಮೊದಲು ಕೇಳಿದವಳು ಜೊತೆಯಲ್ಲೇ ರಾಶಿ ಗುಡಿಸುವ ಮುಮ್ತಾಜಬೇಗಂ. ಆಮೇಲೆ ಎಲ್ಲರೂ. ಗೋದಾಮಿನ ಗೋಡೆಯ ನೆರಳಲ್ಲಿ ಒಬ್ಬೊಬ್ಬರೇ ಬಂದು ಅವಳ ತೊಡೆಯ ಮೇಲೆ ತಲೆ ಇಡುವರು. ಕಸ್ತೂರೆಮ್ಮ ಹೆಬ್ಬೆರಳಿಂದ ರೆಪ್ಪೆ ಎತ್ತುವುದೊಂದೇ ತಡ, ಕಣ್ಣಿಗೆ ಗೊತ್ತಾಗುವ ಮೊದಲೇ ಹನಿ ಒಳಗೆ.

"ನಿನ್ನ ಕೈಗುಣ ಛಲೋ ಐತಬೇ," ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ಅವಳ ಪೊರಕೆ ಇನ್ನಷ್ಟು ಜೋರಾಗಿ ಓಡುತ್ತಿತ್ತು.

ಕೊನೆಗೆ ಬಂದು ಸೇರಿದವಳು ಹೇಮಾ, ಇಪ್ಪತ್ನಾಲ್ಕರ ಹುಡುಗಿ. ತಾನೇ ಹಾಕಿಕೊಳ್ಳಲು ಹೋದರೆ ಅವಳ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಕಸ್ತೂರೆಮ್ಮನ ತೊಡೆಯ ಮೇಲೆ ಮಾತ್ರ ತೆರೆಯುತ್ತಿತ್ತು. ಮೂರು ವರ್ಷ, ದಿನಕ್ಕೆ ಮೂರು ಸಲ, ತಪ್ಪಲಿಲ್ಲ.

2017ರ ಬೇಸಿಗೆಯಲ್ಲಿ ಒಂದು ದಿನ ಭತ್ತದ ಲಾರಿ ಹಿಂದಕ್ಕೆ ಬರುತ್ತ ಕಸ್ತೂರೆಮ್ಮನ ಎಡಗೈಗೆ ಒಂದು ಗೇಣು ದೂರದಲ್ಲಿ ನಿಂತಿತು. ಹೆಂಗಸರು ಕೂಗಿಕೊಂಡಾಗಲೇ ಅವಳು ತಿರುಗಿದ್ದು.

"ಕಣ್ಣ ಮನ್ಯಾಗ ಇಟ್ಟ ಬಂದೀಯೇನಬೇ?" ಎಂದ ಡ್ರೈವರ್.

"ನೀ ಹಾರ್ನ್ ಮಾರಿಕೊಂಡ ಬಂದೀಯೇನಲೇ?" ಎಂದು ಇವಳೂ ಬಿಡಲಿಲ್ಲ. ಬೈದಳೇನೋ ನಿಜ. ಆದರೆ ಅಷ್ಟು ದೊಡ್ಡ ಲಾರಿ ಎಡಗಡೆಯಿಂದ ಬಂದದ್ದು ತನಗೆ ಕಂಡೇ ಇರಲಿಲ್ಲ ಎಂದು ರಾತ್ರಿ ಗಂಡನಿಗೆ ಹೇಳಿದಳು.

ಹುಲಗಪ್ಪ ಅವಳನ್ನು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಕಣ್ಣಿನ ಒತ್ತಡ ಅಳೆದಳು. ಇಪ್ಪತ್ತರೊಳಗೆ ಇರಬೇಕಾದದ್ದು ಮೂವತ್ತೆಂಟು ಇತ್ತು.

"ಏನರ ಹನಿ ಹಾಕ್ತೀರೇನು?"

ಕಸ್ತೂರೆಮ್ಮ ಹೆಮ್ಮೆಯಿಂದಲೇ ಸಂಚಿ ಬಿಚ್ಚಿ ಬಾಟಲಿ ಕೊಟ್ಟಳು. ಡಾಕ್ಟರಮ್ಮ ಅದರ ಸಣ್ಣಕ್ಷರ ಓದಿದಳು.

"ಯಾರು ಬರದುಕೊಟ್ರು ಇದನ್ನ?"

"ಬರೆಯೂದೇನ್ರಿ? ಕೇಳಿದ್ರ ಕೊಡ್ತಾರ. ಹನ್ನೆರಡು ವರ್ಷ ಆತು."

"ಇದರಾಗ ಸ್ಟಿರಾಯ್ಡ್ ಐತಿ. ಉರಿ ಆರಸ್ತೈತಿ, ಖರೆ. ಆದ್ರ ಕಣ್ಣೊಳಗಿನ ನೀರು ಹೊರಗ ಹೋಗೋ ದಾರಿ ಕಟ್ಟಿಬಿಡ್ತೈತಿ. ನೀರು ನಿಂತು ಒತ್ತಡ ಏರಿ, ನರ ಸತ್ತೈತಿ. ಇದಕ್ಕ ಗ್ಲಾಕೋಮಾ ಅಂತಾರ. ಇವತ್ತಿಂದ ಇದನ್ನ ಮುಟ್ಟಬ್ಯಾಡ್ರಿ."

ಆ ಹನಿ ಬಿಡಿಸಿ ಬೇರೆ ಹನಿ ಕೊಟ್ಟರು. ಒತ್ತಡ ಸಾಕಷ್ಟು ಇಳಿಯಲಿಲ್ಲ. ಮುಂದಿನ ತಿಂಗಳು ಲೇಸರ್ ಮಾಡಿದರು. ಆ ತನಕ ತನ್ನ ಕಣ್ಣಿನ ಚಿಂತೆಯಲ್ಲೇ ಅವಳು ಮಿಲ್ಲಿನ ಕಡೆ ಹೋಗಿರಲಿಲ್ಲ. ಗದ್ದವನ್ನು ಚೌಕಟ್ಟಿನ ಮೇಲೆ ಇಡಿಸಿ, ಕಣ್ಣಿಗೆ ಗಾಜಿನ ಬಿಲ್ಲೆ ಒತ್ತಿ, ಹಸಿರು ಬೆಳಕನ್ನು ಚಿಟಿಚಿಟಿ ಹೊಡೆದರು. ಹತ್ತು ನಿಮಿಷದ ಕೆಲಸ. ಎದ್ದು ಹೊರಟ ಕಸ್ತೂರೆಮ್ಮನ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು.

"ಮೊದಲಿದ್ದಂಗ ಐತಿ. ಮತ್ತ ಯಾತಕ್ಕ ಹೊಡದ್ರಿ ಅದನ್ನ?"

"ನೀರಿನ ದಾರಿ ಬಿಚ್ಚಲಿಕ್ಕೆ, ಯವ್ವಾ. ಹೋದ ನೋಟ ಬರಂಗಿಲ್ಲ. ಉಳದದ್ದು ಉಳೀಲಿ ಅಂತ."

ಕಸ್ತೂರೆಮ್ಮನಿಗೆ ಡಾಕ್ಟರಮ್ಮನ ಮೇಲೂ ಸಿಟ್ಟು ಬಂತು. ಬಸ್ಸು ಗದಗ ದಾಟುವಾಗ ಆ ಸಿಟ್ಟು ಬೇರೆ ಕಡೆ ಹೊರಳಿತು. ಗೋದಾಮಿನ ನೆರಳು, ತನ್ನ ತೊಡೆ, ಅದರ ಮೇಲೆ ಮಲಗಿ ಕಣ್ಣರಳಿಸುವ ಹೇಮಾಳ ಮುಖ ಕಂಡವು.

ಮರುದಿನ ಬೆಳಿಗ್ಗೆ ಮನೆಯಿಂದ ನೆಟ್ಟಗೆ ಔಷಧದಂಗಡಿಗೆ ಹೋದಳು. ಗಿರಾಕಿಗಳ ನಡುವೆ ನಿಂತು ಖಾಲಿ ಬಾಟಲಿಯನ್ನು ಕಟ್ಟೆಗೆ ಕುಟ್ಟಿದಳು.

"ಹನ್ನೆರಡು ವರ್ಷ ಇದನ್ನ ಕೊಟ್ಟಿ. ಒಂದು ದಿನ, ಒಂದ ದಿನ, ಇದರಾಗ ಏನೈತಿ ಅಂತ ಹೇಳಿದೇನು?"

ಅಂಗಡಿಯವನು ಕನ್ನಡಕದ ಮೇಲಿಂದ ನೋಡಿದ. "ನೀ ಕೇಳಿದಿ, ನಾ ಕೊಟ್ಟೆ. ನಾ ಏನ್ ಮಿಲ್ಲಿಗೆ ಬಂದು ಮಂದಿ ಕಣ್ಣಾಗ ಬಿಟ್ಟೇನೇನಬೇ?"

ಬಿಟ್ಟವಳು ತಾನೇ. ಆ ಮಾತು ಸುಳ್ಳಾಗಿದ್ದರೆ ಅವನ ಕೊರಳಪಟ್ಟಿ ಹಿಡಿಯುತ್ತಿದ್ದಳು. ನಿಜವಾಗಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು. "ನಿನ್ನ ತಾಯಿ ಕಣ್ಣಾಗ ಬಿಡು ಮೊದಲ," ಎಂದು ಹೇಳಿ ಇಳಿದಳು.

ಮಧ್ಯಾಹ್ನ ಮಿಲ್ಲಿನಲ್ಲಿ ಹೆಂಗಸರು ನೆರಳಿಗೆ ಬಂದರು. ಕಸ್ತೂರೆಮ್ಮ ತೊಡೆ ಮಡಚಿ ಕೂತಳು. ಆದದ್ದನ್ನೆಲ್ಲ ಹೇಳಿದಳು.

ಮುಮ್ತಾಜಬೇಗಂ ಎಲೆಗೆ ಸುಣ್ಣ ಹಚ್ಚುತ್ತ, "ನಿನ್ನ ಕಣ್ಣಿಗೆ ವಯಸ್ಸಾಗೇತಿ ಕಸ್ತೂರಿ. ನೀ ಲೇಸರ್ ಹೊಡಿಸಿಕೊಂಡ ಬಂದಿ, ನಾವು ಉರಕೋತ ಕುಂದ್ರಬೇಕೇನು?" ಎಂದಳು.

"ಯಕ್ಕಾ, ನಾನು ಹೊಸಾದು ತಂದೀನಿ," ಎಂದು ಹೇಮಾ ಸೆರಗಿನ ಗಂಟಿನಿಂದ ಅಂಥದೇ ಬಾಟಲಿ ತೆಗೆದಳು. "ನೀ ಇಲ್ಲದಾಗ ಒಂದ ಹನೀನೂ ಒಳಗ ಹೋಗಲಿಲ್ಲ. ಹಾಕು."

ಕಸ್ತೂರೆಮ್ಮ ಬಾಟಲಿ ತೆಗೆದುಕೊಂಡು ಮುಚ್ಚಳ ಬಿಚ್ಚಿದಳು. ಹೊಟ್ಟಿನ ರಾಶಿಯ ಮೇಲೆ ಪೂರ್ತಿ ಸುರಿದಳು.

ಹೇಮಾಳ ಮುಖ ಕೆಂಪೇರಿತು. "ಕೂಲಿ ದುಡ್ಡು ಅದು. ಇಷ್ಟು ದಿನ ನೀನ ಹಾಕಿ, ಈಗ ನಮಗ ಬುದ್ಧಿ ಹೇಳ್ತಿ."

"ನಾನ ಹಾಕೀನಿ. ಅದಕ್ಕ ಹೇಳಾಕತ್ತೀನಿ. ಒಂದ ಸಲ ನನ್ನ ಜೋಡಿ ಬಾ, ಒತ್ತಡ ನೋಡಸು. ಏನೂ ಇಲ್ಲಂದ್ರ ಜೀವ ಇರೋತನ ನಾನ ಹನಿ ಹಾಕ್ತೀನಿ."

ಹದಿನೈದು ದಿನ ಹೇಮಾ ಮಾತಾಡಲಿಲ್ಲ. ಕಸ್ತೂರೆಮ್ಮ ದಿನಾ ಅದೇ ಮಾತು ಕೇಳಿದಳು, ಕಣದಲ್ಲಿ ಕೇಳಿದಳು, ನೀರಿನ ನಲ್ಲಿಯ ಹತ್ತಿರ ಕೇಳಿದಳು. ಕಾಟ ತಡೆಯಲಾರದೆ ಹೇಮಾ ಬಸ್ಸು ಹತ್ತಿದಳು.

ಹೇಮಾಳ ಒತ್ತಡ ಮೂವತ್ತನಾಲ್ಕು.

"ನರ ಇನ್ನೂ ಛಲೋ ಐತಿ, ನೋಟ ಏನೂ ಹೋಗಿಲ್ಲ. ಛಲೋ ಹೊತ್ತಿನಾಗ ಬಂದೀರಿ," ಎಂದಳು ಡಾಕ್ಟರಮ್ಮ. ಆ ಹನಿ ಇಲ್ಲದೆ ಇನ್ನೂ ಎರಡು ತಿಂಗಳು ಕಾದರು. ಒತ್ತಡ ಇಪ್ಪತ್ತೇಳಕ್ಕೆ ನಿಂತಿತು. ಹಾಗಾಗಿ ಅವಳಿಗೂ ಲೇಸರ್ ಆಗಬೇಕಾಯಿತು.

ಯಂತ್ರದ ಮುಂದೆ ಹೇಮಾಳ ಕಣ್ಣು ಹಳೆಯ ಹಾಗೆ ಬಿಗಿದು ಮುಚ್ಚಿತು. ನರ್ಸ್ ಹೇಳಿ ಹೇಳಿ ಸೋತು ಕಸ್ತೂರೆಮ್ಮನನ್ನು ಒಳಗೆ ಕರೆದಳು. ಕಸ್ತೂರೆಮ್ಮ ಹಿಂದೆ ನಿಂತು ಹೇಮಾಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಕಣ್ಣು ತೆರೆಯಿತು. ತನ್ನ ಕೈಗೆ ಆ ಕಣ್ಣು ಇನ್ನೂ ತೆರೆಯುತ್ತದಲ್ಲ ಎಂದು ಕಸ್ತೂರೆಮ್ಮನಿಗೆ ತನ್ನ ಕೈಯ ಮೇಲೇ ರೋಷ ಉಕ್ಕಿತು. ಬೆಳಕು ಮುಗಿಯುವ ತನಕ ಆ ಕೈಯನ್ನು ಅಲುಗಿಸಲಿಲ್ಲ.

ಲೇಸರಿನ ಉರಿಗೆಂದು ನಾಲ್ಕು ದಿನದ ಹನಿ ಬರೆದುಕೊಟ್ಟರು. ಇದರಲ್ಲಿ ಸ್ಟಿರಾಯ್ಡ್ ಇಲ್ಲವೆಂದು ಡಾಕ್ಟರಮ್ಮನಿಂದ ಎರಡು ಸಲ ಹೇಳಿಸಿಕೊಂಡು, ಕಸ್ತೂರೆಮ್ಮ ಹೊರಗಿನ ಬೆಂಚಿನ ಮೇಲೆ ಕೂತು ಮುಚ್ಚಳ ಬಿಚ್ಚಿದಳು. ತೊಡೆ ತೋರಿಸಿದಳು.

ಎಡಕ್ಕೆ ಕೂತಿದ್ದ ಹೇಮಾ ಮಲಗಲಿಲ್ಲ. ಕೈ ಚಾಚಿ ಬಾಟಲಿ ತೆಗೆದುಕೊಂಡಳು.

"ನಿನ್ನ ಕೈ ಬ್ಯಾಡ."

ಮೊದಲ ಹನಿ ಕೆನ್ನೆಗೆ ಬಿತ್ತು. ಎರಡನೆಯದು ಮೂಗಿಗೆ. ಕಸ್ತೂರೆಮ್ಮನ ಬೆರಳು ಎರಡು ಸಲ ಎದ್ದು ಎರಡು ಸಲ ಮಡಿಲಿಗೆ ಬಿದ್ದವು. ಮೂರನೆಯ ಸಲ ಹೇಮಾ ಹಲ್ಲು ಕಚ್ಚಿ ರೆಪ್ಪೆ ಎಳೆದು ಹಿಡಿದಳು.

"ಒಳಗ ಬಿತ್ತೇನು, ನೋಡು," ಎಂದಳು, ಅದೇ ಗಡಸು ದನಿಯಲ್ಲಿ.

ಎಡಗಡೆಯದು ಕಾಣಲು ಕಸ್ತೂರೆಮ್ಮ ಇಡೀ ಮೈ ತಿರುಗಿಸಬೇಕಾಯಿತು.

"ಬಿತ್ತು," ಎಂದಳು.