ಸರ್ವರ್ ಓಣಿ ಕೇಳುವುದಿಲ್ಲ

‘ನೀವು ಆ ಮನ್ಯಾಗ ಇರ್ತೀರಿ ಅನ್ನೂದಕ್ಕ ಏನ್ರಿ ಪುರಾವೆ?’

ಚಿಕ್ಕೋಡಿಯ ಗ್ಯಾಸ್ ಏಜೆನ್ಸಿಯ ಗುಮಾಸ್ತರು ಹೀಗೆ ಕೇಳಿದಾಗ ನನಗೆ ಉರಿದುಹೋಯಿತು. ಎದುರಿಗೇ ನಿಂತಿದ್ದೇನಲ್ಲ! ಮತ್ತೇನು, ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತೇನೆಯೇ?

ಆದರೆ ತಪ್ಪು ಅವರದಲ್ಲ. ಹೊಸ ಕನೆಕ್ಷನ್ನಿಗೆ ಅವರು ಕೇಳಿದ್ದು ಮನೆ ಮಾಲೀಕರ ಒಂದು ಪತ್ರ. ಕೊಡಬೇಕಾದ ಮಾಲೀಕರು, ಅಂದರೆ ಕೆಳಗಿನ ಮನೆಯ ಕಾಕಾ, ‘ಕೊಡೂಣಂತ, ಕೊಡೂಣಂತ’ ಎಂದು ಸತಾಯಿಸುತ್ತಿದ್ದರು.

ಯಾಕೆ? ಹೇಳಿಬಿಡುತ್ತೇನೆ. ನಾನು ಇಲ್ಲಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಊರು ಇದೇ ಜಿಲ್ಲೆಯ ಅನಂತಪುರ. ಮನೆ ಕೊಡುವಾಗ ಕಾಕಾ ಏನೂ ಕೇಳಿರಲಿಲ್ಲ (ಮೇಡಂ ಅಂದರೆ ಮೇಡಂ!). ಗೋಡೆಗೆ ಬುದ್ಧನ ಫೋಟೊ ಹಾಕಿದ ಮರುದಿನ ಮೆಟ್ಟಿಲ ಮೇಲೆ ಬಂದು ನಿಂತರು. ‘ಮೇಡಂ, ಅನಂತಪುರದಾಗ ನಿಮ್ಮ ಮನಿ ಯಾವ ಓಣ್ಯಾಗ ಬರ್ತೈತ್ರಿ?’

ಈ ಪ್ರಶ್ನೆಯ ಅರ್ಥ ನಮ್ಮ ಕಡೆ ಸಣ್ಣ ಕೂಸಿಗೂ ಗೊತ್ತು. ಜಾತಿ ಕೇಳಿದರೆ ಒರಟು, ಓಣಿ ಕೇಳಿದರೆ ಸಭ್ಯತೆ! ನಾನು ಓಣಿಯ ಹೆಸರನ್ನು ಸ್ಪಷ್ಟವಾಗಿ ಹೇಳಿದೆ. ಅಂದಿನಿಂದ ಕಾಕಾನ ಪೆನ್ನು ಒಣಗಿತು. ಮನೆ ಬಿಡಿ ಅನ್ನಲಿಲ್ಲ. ಇದ್ದಾರೆ ಅಂತ ಬರೆದುಕೊಡಲೂ ಇಲ್ಲ. ನಾನು ಸೀಮೆಎಣ್ಣೆ ಸ್ಟೋ ಪಂಪ್ ಮಾಡುತ್ತ ಕೂತೆ.

ಗುಮಾಸ್ತರು ಪುರಾವೆ ಕೇಳಿದ ದಿನವೇ ಬೆಳಿಗ್ಗೆ ಕ್ಲಾಸಿನಲ್ಲಿ ಹೊಸ ಪ್ರೊಟೊಕಾಲ್ ಒಂದರ, ಅಂದರೆ ಕಂಪ್ಯೂಟರುಗಳು ತಮ್ಮೊಳಗೆ ಮಾತಾಡುವ ನಿಯಮದ, ಪಾಠ ಮಾಡಿದ್ದೆ. (ಓಡಿಹೋಗಬೇಡಿ, ಸುಲಭ ಇದೆ.) ನೀವು ಮೊಬೈಲಿನಲ್ಲಿ ವಿಡಿಯೊ ಒತ್ತುತ್ತೀರಿ. ‘ಇದು ನನ್ನ ವಿಳಾಸ, ಇಲ್ಲಿಗೆ ಕಳಿಸು’ ಎನ್ನುತ್ತದೆ ಫೋನು. ವಿಡಿಯೊ ಇಟ್ಟುಕೊಂಡಿರುವ ದೂರದ ಸರ್ವರ್ ತಕ್ಷಣ ನಂಬಬೇಕಿಲ್ಲ. ಬೇರೆ ಯಾರದೋ ವಿಳಾಸ ಕೊಟ್ಟು, ಅವರ ಮೇಲೆ ಡೇಟಾ ರಾಶಿ ಸುರಿಸುವ ಕಿಡಿಗೇಡಿಗಳು ಇರುತ್ತಾರಲ್ಲ! ಅದಕ್ಕೆ ಏನು ಮಾಡುತ್ತದೆ? ಆ ವಿಳಾಸ, ಆ ಹೊತ್ತು ಎರಡನ್ನೂ ಸೇರಿಸಿ, ತನಗೆ ಮಾತ್ರ ಗೊತ್ತಿರುವ ಕೀಲಿಯಿಂದ ಭದ್ರಮಾಡಿದ ಒಂದು ಟೋಕನ್ನನ್ನು ಆ ವಿಳಾಸಕ್ಕೇ ಕಳಿಸುತ್ತದೆ. ಫೋನು ಅದನ್ನು ಓದಲಾರದು, ತಿದ್ದಲಾರದು. ಇದ್ದ ಹಾಗೇ ಹಿಂದಿರುಗಿಸಬೇಕು, ಅಷ್ಟೆ. ಟೋಕನ್ ವಾಪಸ್ ಬಂತೇ? ಹಾಗಾದರೆ ನೀವು ಅಲ್ಲಿದ್ದೀರಿ. ಮಾಲೀಕರ ಪತ್ರ ಬೇಡ, ಪಂಚರ ಸಾಕ್ಷಿ ಬೇಡ.

ಗುಮಾಸ್ತರಿಗೆ ಅಂದೆ: ‘ನೀವ ಒಂದ ಚೀಟಿ ಬರೀರಿ. ಏನ ಬರದೀರಿ ಅಂತ ನನಗ ಹೇಳಬ್ಯಾಡ್ರಿ. ಲಕೋಟಿಗೆ ಹಾಕಿ, ಅಂಟಿಸಿ, ಶಿಕ್ಕಾ ಹೊಡೀರಿ. ಸಿಲಿಂಡರ್ ಗಾಡಿಯವ್ರ ಕೈಯಾಗ ನನ್ನ ಮನಿಗೆ ಕಳಸ್ರಿ. ಒಡೀಲಾರ್ದ ತಂದ ಕೊಟ್ರ ನಾ ಅಲ್ಲೇ ಅದೀನಿ ಅಂತ ಒಪ್ಪಬೇಕು.’

ಅವರು ಕನ್ನಡಕ ಏರಿಸಿ ನಕ್ಕರು. ‘ಭಾರೀ ಅದೀರಿ ಬಿಡ್ರಿ! ನೋಡೇ ಬಿಡೂಣು.’

ಮರುದಿನ ಗಾಡಿ ಬಂತು. ನಾನು ಮೇಲೆ ಕಿಟಕಿಯಲ್ಲೇ ಇದ್ದೆ. ನಿಪ್ಪಾಣಿ ಕಡೆಯ ಡ್ರೈವರ್ ಲಕೋಟೆ ಹಿಡಿದು ನನ್ನ ಹೆಸರು ಕೇಳಿದ. ಅಂಗಳದಲ್ಲಿ ಪೇಪರ್ ಓದುತ್ತಿದ್ದ ಕಾಕಾ ತಲೆಯನ್ನೂ ಎತ್ತಲಿಲ್ಲ.

‘ಆ ಹೆಸರಿನವ್ರು ಇಲ್ಲಿ ಯಾರೂ ಇಲ್ಲಪಾ.’

ಡ್ರೈವರ್ ಗಾಡಿ ಹತ್ತತೊಡಗಿದ. ಲಕೋಟೆ ವಾಪಸ್ ಹೋದರೆ ಮುಗಿಯಿತು, ನಾನು ಈ ಊರಿನಲ್ಲಿ ಇಲ್ಲವೇ ಇಲ್ಲ! ಮೈಯೆಲ್ಲ ಬೆಂಕಿಯಾಯಿತು. ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಕೂಗಿದೆ: ‘ಅದೀನ್ರಿ! ಇಲ್ಲೇ ಅದೀನಿ! ಮೀ ಇಥೇಚ್ ಆಹೇ!’ (ಮರಾಠಿಯಲ್ಲೂ ಯಾಕೆಂದರೆ, ತಿಳಿಯಲಿಲ್ಲ ಎಂಬ ನೆಪ ಯಾರಿಗೂ ಬೇಡ.)

ಬರಿಗಾಲಲ್ಲೇ ಇಳಿದು, ಕಾಕಾನ ಎದುರಿಗೇ ಲಕೋಟೆ ಇಸಕೊಂಡೆ. ಪೇಪರು ಇನ್ನಷ್ಟು ಮೇಲೇರಿ ಅವರ ಮುಖ ಮುಚ್ಚಿತು. ಒಡೆಯದೆ ಏಜೆನ್ಸಿಗೆ ಒಯ್ದು ಕೊಟ್ಟೆ. ಗುಮಾಸ್ತರು ತಮ್ಮ ಶಿಕ್ಕಾ ನೋಡಿದರು, ಒಡೆದು ತಮ್ಮ ಅಕ್ಷರ ನೋಡಿದರು. ‘ಅದೀರಿ’ ಎಂದರು. ಒಳಗೆ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ಮನೆ ಬದಲಿಸಿದಿರಾ ಎಂದು ಕೇಳುತ್ತೀರಾ? ಯಾಕೆ ಬದಲಿಸಲಿ? ಬಾಡಿಗೆ ಕೊಡುತ್ತೇನೆ, ಬುದ್ಧ ಗೋಡೆಯ ಮೇಲಿದ್ದಾನೆ, ಚಹಾ ಗ್ಯಾಸ್ ಮೇಲೆ ಕುದಿಯುತ್ತಿದೆ.

ಈಗ ಯಾರಾದರೂ ‘ಮೇಡಂ, ಯಾವ ಓಣಿ?’ ಎಂದರೆ ನನ್ನ ಉತ್ತರ ಒಂದೇ: ‘ನಮ್ಮ ಕಾಕಾ ಇರೂ ಓಣೀರಿ, ಯಾಕ?’